ಅಪ್‌ಡೇಟ್: ಬೈಕ್‌ನ ಹಿಂಚಕ್ರದ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ, ಸೊಂಟಕ್ಕೆ ಆರಾಮ

ಗುಂಡಿಗೆ ಇಳಿದಾಗೆಲ್ಲ ಬೈಕ್ ಸೊಂಟಕ್ಕೆ ಗುದ್ದುತ್ತದೆ, ಶಾಕ್ ಅಡ್ಜಸ್ಟ್ ಮಾಡಿದರೆ ಸಾಕಾ, ಹೊಸದು ಹಾಕಬೇಕಾ ಅಂತ ಕೇಳಿದ್ದೆ. ಮೊದಲು ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿದಿರುವ ಬಿಗಿ, ಇಳಿಸಿದೆ. ನಾನು ಕೂತಾಗ ಹಿಂಭಾಗ ಒಟ್ಟು ಟ್ರಾವೆಲ್‌ನ (ಹಿಂಚಕ್ರ ಮೇಲೆ ಕೆಳಗೆ ಚಲಿಸಬಲ್ಲ ದೂರದ) ಸುಮಾರು 30% ತಗ್ಗುವ ಹಾಗೆ, ಎರಡೂ ಕಡೆ ಒಂದೇ ಸ್ಟೆಪ್‌ಗೆ. ಗುದ್ದು ಸ್ವಲ್ಪ ಕಡಿಮೆಯಾಯ್ತು, ಆದರೆ ಹಂಪ್ ದಾಟಿದ ಮೇಲೆ ಕುಣಿಯೋದು ನಿಲ್ಲಲಿಲ್ಲ. ಪ್ರಿಲೋಡ್ ಇಳಿಸಿದರೆ ಸ್ಪ್ರಿಂಗೇನೂ ಮೆತ್ತಗಾಗುವುದಿಲ್ಲ, ಬೈಕ್ ಕೂರುವ ಎತ್ತರ ಬದಲಾಗುತ್ತದೆ ಅಷ್ಟೇ, ಕುಣಿತ ತಡೆಯೋದು ಒಳಗಿನ ಆಯಿಲ್‌ನ ಡ್ಯಾಂಪಿಂಗ್ ಅಲ್ವಾ. ನೋಡಿದರೆ ಒಂದು ಕಡೆ ರಾಡ್ ಮೇಲೆಲ್ಲ ಆಯಿಲ್ ಜಿಡ್ಡು, ಸೀಲ್ ಹೋಗಿತ್ತು. ಜೋಡಿಯನ್ನೇ ಬದಲಾಯಿಸಿದೆ, ಅದೇ ಉದ್ದದ್ದು, ರಿಬೌಂಡ್ (ಕುಗ್ಗಿದ ಶಾಕ್ ಮತ್ತೆ ಮೇಲೆ ಬರುವ ವೇಗ) ಅಡ್ಜಸ್ಟ್ ಇರೋದು. ಈಗ ಒಂದು ಸಲ ಕುಗ್ಗಿ ಮೇಲೆ ಬಂದು ನಿಲ್ಲುತ್ತದೆ. ತುಂಬಾ ಖುಷಿಯಾಗಿದೆ. ಹಿಂದೆ ಯಾರಾದರೂ ಕೂರೋದಿದ್ದರೆ ಮಾತ್ರ ಪ್ರಿಲೋಡ್ ಏರಿಸುತ್ತೇನೆ.