ಕಟಿಂಗ್ ಎಲ್ಲಾ ಒಂದೇ ದಿನ ಮಾಡಿಬಿಡೋದಾ, ಒಂದೊಂದೇ ಬ್ಲೌಸ್ ಮುಗಿಸೋದಾ? ಅನುಭವ ಇರೋರು ಹೇಳಿ

ಹಾಸನ, ಮನೆ ಹೊಲಿಗೆ:
ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು 16 ದಿನ. ಕೈಯಲ್ಲಿ 34 ಬ್ಲೌಸ್ ಇದೆ, ಎಲ್ಲಾ ಲೈನಿಂಗ್‌ನವು. ಒಂದೇ ಮಷೀನು, ನಾನೊಬ್ಬಳೇ, ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು. ಇಲ್ಲೀವರೆಗೆ ಒಂದು ಬ್ಲೌಸ್ ಎತ್ತಿಕೊಂಡ್ರೆ ಕಟಿಂಗಿಂದ ಹುಕ್ಕಿನವರೆಗೆ ಮುಗಿಸಿಯೇ ಇನ್ನೊಂದು ಮುಟ್ತಿದ್ದೆ. ದಿನಕ್ಕೆ ಎರಡು ದಾಟಲ್ಲ. ಕಟಿಂಗ್ ಒಟ್ಟಿಗೆ, ಹೊಲಿಗೆ ಒಟ್ಟಿಗೆ, ಹುಕ್ಕು ಒಟ್ಟಿಗೆ ಮಾಡಿದ್ರೆ ಬೇಗ ಆಗುತ್ತೆ ಅಂತಾರೆ. ಮಾಡಿ ನೋಡಿರೋರು ಹೇಳಿ.

ಮಂಡ್ಯ, 14 ವರ್ಷದ ಅಂಗಡಿ:
ಯೋಚನೇನೇ ಮಾಡ್ಬೇಡಿ, ಒಟ್ಟಿಗೆ ಮಾಡಿ. ನಾನೂ ಆರು ವರ್ಷ ಒಂದೊಂದೇ ಮುಗಿಸ್ಕೊಂಡು ಬೆನ್ನು ಮುರ್ಕೊಂಡೆ. ಒಂದಿನ ಗಡಿಯಾರ ನೋಡಿ ಬರೆದಿಟ್ಟೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ ದಾರ ಬದಲಾಯಿಸಿದ್ದು 11 ಸಲ. ಮೇಲಿನ ದಾರ ತೆಗೆದು, ಬಾಬಿನ್ ತೆಗೆದು, ಹೊಸ ಬಣ್ಣ ಸುತ್ತಿ, ಚಿಂದಿ ಮೇಲೆ ಹೊಲಿಗೆ ನೋಡೋದು ಸಲಕ್ಕೆ ನಾಲ್ಕು ನಿಮಿಷ. 44 ನಿಮಿಷ ಬರೀ ದಾರಕ್ಕೆ ಹೋಯ್ತು. ಕತ್ತರಿಸೋಕೆ ನೆಲಕ್ಕೆ ಕೂತು ಹೊಲಿಯೋಕೆ ಎದ್ದು ಮಂಡಿ ನೋವು ಬೇರೆ.

ಈಗ ಸೋಮವಾರ ಅಂಗಡಿ ಅರ್ಧ ಬಾಗಿಲು ಹಾಕಿ ಕಟಿಂಗ್ ಮಾತ್ರ. ಆಮೇಲೆ ಬಣ್ಣ ನೋಡಿ ಗುಡ್ಡೆ ಹಾಕ್ತೀನಿ, ಕೆಂಪು ಮೆರೂನು ಒಂದು, ಹಸಿರು ಒಂದು, ಹಳದಿ ಗೋಲ್ಡನ್ ಒಂದು. ರಾತ್ರೀನೇ ಹತ್ತು ಬಾಬಿನ್ ಸುತ್ತಿ ಡಬ್ಬಿಗೆ. ಕಟಿಂಗ್ ದಿನ ಫೋನ್ ಎತ್ತಲ್ಲ, ಯಾರ ಅಳತೇನೂ ತಗೊಳಲ್ಲ. ಹಿಂದೆ ಫೋನಲ್ಲಿ ಮಾತಾಡ್ತಾ ಕತ್ತರಿ ಹಾಕಿ, ಒಬ್ಬರ ರೇಷ್ಮೆ ಪೀಸಿನ ತೋಳಿನ ಬಾರ್ಡರ್ ಉಲ್ಟಾ ಕತ್ತರಿಸಿ 1,800 ರೂಪಾಯಿ ಕೊಟ್ಟಿದ್ದೀನಿ. ಹೋದ ವರ್ಷ ಹಬ್ಬಕ್ಕೆ 71 ಬ್ಲೌಸ್ ಕೊಟ್ಟೆ, ಒಂದೂ ತಡ ಆಗಲಿಲ್ಲ.

ತುಮಕೂರು, ಮೊದಲು ಪೀಣ್ಯ ಗಾರ್ಮೆಂಟ್ಸ್‌ನಲ್ಲಿ 9 ವರ್ಷ:
ಫ್ಯಾಕ್ಟರೀಲಿ ನಡೆಯೋದೇ ಹೀಗೆ. ಒಬ್ಬಳು ದಿನವಿಡೀ ಕಾಲರ್, ಒಬ್ಬಳು ದಿನವಿಡೀ ತೋಳು. ಆದ್ರೆ ಅಲ್ಲಿ ಕತ್ತರಿಸಿದ ಪ್ರತಿ ತುಂಡಿಗೂ ನಂಬರ್ ಸ್ಟಿಕ್ಕರ್ ಅಂಟಿಸ್ತಾರೆ, ಬಂಡಲ್‌ಗೆ ಚೀಟಿ ಕಟ್ತಾರೆ. ಇಲ್ಲಾಂದ್ರೆ ಒಂದು ಶರ್ಟಿನ ಎದೆ ಒಂದು ಬಣ್ಣ, ತೋಳು ಅದಕ್ಕಿಂತ ತೆಳು ಬಣ್ಣ ಬಂದುಬಿಡುತ್ತೆ. ಮಧ್ಯ ಮಧ್ಯ ಚೆಕ್ ಮಾಡೋರೂ ಇರ್ತಾರೆ.

ಕೆಲಸ ಬಿಟ್ಟು ಮನೇಲಿ ಶುರು ಮಾಡಿದಾಗ ಅದೇ ಧೈರ್ಯದಲ್ಲಿ 22 ಬ್ಲೌಸ್ ಒಂದೇ ದಿನ ಕತ್ತರಿಸಿದೆ. ಲೈನಿಂಗ್ ನೀರಲ್ಲಿ ನೆನೆಸಿರಲಿಲ್ಲ. ಅಂಗಡಿಯವನು ನೆನೆಸೋದು ಬೇಡ ಅಂದ, ನಂಬಿದೆ. ಒಂದೊಂದೇ ಹೊಲಿದು ಕೊಟ್ಟಿದ್ರೆ ಮೊದಲನೆಯವರು ಒಗೆದ ತಕ್ಷಣ ಬಂದು ಹೇಳೋರು, ಮಿಕ್ಕಿದ್ದು ಉಳಿಯೋದು. ಎಲ್ಲಾ ಒಂದೇ ವಾರ ಹೋದವು, ಒಗೆದ ಮೇಲೆ ಎಲ್ಲಾ ಒಳಗಿಂದ ಎಳ್ಕೊಂಡು ಸುಕ್ಕು. 19 ವಾಪಸ್ ಬಂದವು. ಹೊಸ ಲೈನಿಂಗ್ ಬ್ಲೌಸಿಗೆ 60ರಂತೆ 1,140. ಎರಡು ಬಿಚ್ಚುವಾಗ ಹರಿದವು, ಅವಕ್ಕೆ 900 ಮತ್ತೆ 1,400. ಹೊಲಿಗೆ ಬಿಚ್ಚೋಕೇ ಎಂಟು ರಾತ್ರಿ. ಕೂಲಿ ಒಂದು ಪೈಸೆ ಇಲ್ಲ. ಒಟ್ಟಿಗೆ ಮಾಡಿದ್ರೆ ತಪ್ಪೂ ಒಟ್ಟಿಗೇ ಆಗುತ್ತೆ, ಇದನ್ನ ಯಾರೂ ಹೇಳಲ್ಲ.

ಹುಬ್ಬಳ್ಳಿ:
ಒಂದೊಂದ ಮುಗಸ್ರಿ ಅಕ್ಕಾರ. ಹೋದ ದೀಪಾವಳಿಗೆ ನಾನೂ ಗುಡ್ಡಿ ಹಾಕಿದ್ದೆ, 26 ಜಂಪರ. ಹಬ್ಬ ನಾಕ ದಿನ ಇರೂಮುಂದ ಎಲ್ಲಾ ಮುಕ್ಕಾಲು ಆಗಿದ್ವು, ಒಂದೂ ಪೂರ್ತಿ ಆಗಿರಲಿಲ್ಲ. ಬಾಗಿಲಿಗೆ ಬಂದವರಿಗೆ ಏನ್ ಕೊಡ್ಲಿ? ಎರಡು ಖಣದ ಪೀಸು, ಒಂದು ಟಿಶ್ಯೂ ಸೀರಿ ಪೀಸು ಕತ್ತರಿಸಿ ಒಂಬತ್ತು ದಿನ ಇಟ್ಟಿದ್ದೆ. ಟಿಶ್ಯೂ ಅಂಚು ನೂಲು ಬಿಟ್ಟು ಬಿಟ್ಟು ಅರ್ಧ ಇಂಚು ಹೋತು. ಅಳತಿ ಸಾಲಲಿಲ್ಲ. ಆಕಿ ಅತ್ತು ಹೋದ್ಲು, ಮತ್ತ ನಮ್ಮ ಓಣಿಯೊಳಗ ಯಾರೂ ನನಗ ಎರಡು ತಿಂಗಳು ಅರಿವಿ ಕೊಡಲಿಲ್ಲ.

ಮಂಡ್ಯ:
ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕದೆ ಟಿಶ್ಯೂ ಕತ್ತರಿಸಿಟ್ರೆ ನೂಲು ಬಿಡದೆ ಇನ್ನೇನು? ಅದು ನಿಮ್ಮ ತಪ್ಪು, ಪದ್ಧತಿ ತಪ್ಪಲ್ಲ.

ಹುಬ್ಬಳ್ಳಿ:
ಓವರ್‌ಲಾಕ್ ಮಷೀನ್ ಎಲ್ಲಾರ ಮನ್ಯಾಗ ಇರ್ತದೇನ್ರಿ? ಕೇಳಿದವರಿಗೆ ಇರೂದು ಒಂದ ಮಷೀನ್ ಅಂತ ಬರದಾರ. ಓದ್ರಿ ಮೊದಲ. ಅಂಗಡಿ ಇದ್ದವರ ಲೆಕ್ಕ ಮನಿಯವರಿಗೆ ಹೇಳಬ್ಯಾಡ್ರಿ.

ಶಿವಮೊಗ್ಗ, ಲೆಕ್ಕಪತ್ರ ಕೆಲಸ:
ನಂದು ಹೊಲಿಗೆ ಅಲ್ಲ, ಜಿಎಸ್‌ಟಿ ರಿಟರ್ನ್. ಕಷ್ಟ ಒಂದೇ. 43 ಅಂಗಡಿಗಳ ಲೆಕ್ಕ ನೋಡ್ತೀನಿ. ಒಬ್ಬರದ್ದು ಪೂರ್ತಿ ಮುಗಿಸಿ ಇನ್ನೊಬ್ಬರದು ಅಂತ ಇದ್ದೆ. ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1 ತಿಂಗಳ 11ಕ್ಕೆ, ತೆರಿಗೆ ಕಟ್ಟೋ 3ಬಿ ರಿಟರ್ನ್ 20ಕ್ಕೆ. ಮಧ್ಯ 14ಕ್ಕೆ 2ಬಿ, ಅಂದ್ರೆ ಖರೀದಿ ಬಿಲ್‌ಗಳ ಪಟ್ಟಿ, ಬರೋವರೆಗೆ ಖರೀದಿ ಹೊಂದಿಸೋಕೇ ಆಗಲ್ಲ, ಪೂರ್ತಿ ಮುಗಿಸೋದು ಎಲ್ಲಿಂದ? ಏಳು ಜನರದ್ದು ತಡವಾಗಿ ದಿನಕ್ಕೆ 50 ರೂಪಾಯಿಯಂತೆ ದಂಡ ನನ್ನ ಕೈಯಿಂದ ಕಟ್ಟಿದ್ದೀನಿ. ಕಟ್ಟಬೇಕಿದ್ದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ. ಈಗ 5ರಿಂದ 10ರವರೆಗೆ ಎಲ್ಲರ ಮಾರಾಟದ ಬಿಲ್ ಮಾತ್ರ, 15ರಿಂದ ಎಲ್ಲರ ಖರೀದಿ ಮಾತ್ರ. ತಲೆ ಒಂದೇ ಕಡೆ ಓಡುತ್ತೆ. ಒಂದು ಸಲ ಮಾತ್ರ ಹಾರ್ಡ್‌ವೇರ್ ಅಂಗಡಿಯ 16 ಬಿಲ್ಲನ್ನ ಅದೇ ಬೀದಿಯ ಪೇಂಟ್ ಅಂಗಡಿಗೆ ಹಾಕಿಬಿಟ್ಟೆ. ಒಂದೇ ತರದ ಕೆಲಸ ಸಾಲಾಗಿ ಮಾಡ್ತಿದ್ರೆ ಮೇಲಿನ ಹೆಸರು ಕಣ್ಣಿಗೇ ಬೀಳಲ್ಲ. ಮುಂದಿನ ತಿಂಗಳ ರಿಟರ್ನಲ್ಲಿ ತಿದ್ದುಪಡಿ, ಇಬ್ಬರ ಹತ್ರಾನೂ ಕ್ಷಮೆ.

ಪ್ರೌಢಶಾಲೆ ಶಿಕ್ಷಕಿ, ಕೊಪ್ಪಳ:
ನಾನು 64 ಉತ್ತರಪತ್ರಿಕೆಯಲ್ಲಿ ಮೊದಲ ಪ್ರಶ್ನೆಯನ್ನಷ್ಟೇ ಎಲ್ಲರದ್ದೂ ನೋಡಿ, ಆಮೇಲೆ ಎರಡನೆಯದ್ದಕ್ಕೆ ಹೋಗ್ತೇನೆ. ಎಲ್ಲ ಮಕ್ಕಳಿಗೂ ಒಂದೇ ಅಳತೆಯಲ್ಲಿ ಅಂಕ ಬೀಳ್ತವೆ. ಒಬ್ಬರದ್ದೇ ಪೂರ್ತಿ ನೋಡುವಾಗ ಅಕ್ಷರ ಚೆಂದ ಇದ್ದವರಿಗೆ ಕೊನೆವರೆಗೂ ಅರ್ಧ ಅಂಕ ಜಾಸ್ತಿ ಹೋಗ್ತಿತ್ತು.

ಮಂಡ್ಯ:
ಟೀಚರ್, ಇಲ್ಲಿ ಹಬ್ಬದ ಬ್ಲೌಸಿನ ಮಾತು ನಡೀತಿದೆ.

ಕೊಪ್ಪಳ:
ಕೆಲಸ ಕೂಡಿಸಿ ಮಾಡೋದರ ಬಗ್ಗೆ ಅನುಭವ ಕೇಳಿದರು, ಹೇಳಿದೆ. ಶಿವಮೊಗ್ಗದವರಿಗೆ ಯಾರೂ ಏನೂ ಅನ್ನಲಿಲ್ಲವಲ್ಲ?

ಮೈಸೂರು, ಹುಕ್ಕು ಹೆಮ್ಮಿಂಗ್ ಕೆಲಸ:
ಇಷ್ಟು ಹೊತ್ತು ಓದಿದೆ, ಈಗ ಹೇಳಲೇಬೇಕು. ನಿಮ್ಮ ಗುಡ್ಡೆ ಕೊನೆಗೆ ಬಂದು ಬೀಳೋದು ನಮ್ಮ ಮಡಿಲಿಗೆ. ನಾನು ಮೂರು ಅಂಗಡಿಗೆ ಹುಕ್ಕು, ಕಾಜಾ, ಹೆಮ್ಮಿಂಗ್ ಮಾಡಿ ಕೊಡ್ತೀನಿ. ಬ್ಲೌಸಿಗೆ 25 ರೂಪಾಯಿ. ಮೊದಲು ದಿನಕ್ಕೆ ಆರು ಎಂಟು ಬರೋವು, ಮಧ್ಯಾಹ್ನದ ಬೆಳಕಲ್ಲಿ ಮುಗಿಯೋದು. ಅಂಗಡಿಯವರು ಸೋಮವಾರ ಕಟಿಂಗ್, ಗುರುವಾರದವರೆಗೆ ಹೊಲಿಗೆ ಅಂತ ಮಾಡ್ಕೊಂಡ ಮೇಲೆ ನನಗೆ ನಾಲ್ಕು ದಿನ ಕೆಲಸವೇ ಇಲ್ಲ, ಗುರುವಾರ ರಾತ್ರಿ ಎಂಟಕ್ಕೆ 40 ಬ್ಲೌಸಿನ ಚೀಲ. ಬೆಳಿಗ್ಗೆ ಹತ್ತಕ್ಕೆ ವಾಪಸ್ ಬೇಕು. ಹೋದ ಶ್ರಾವಣದಲ್ಲಿ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಬ್ಲೌಸಿಗೆ ಕಪ್ಪು ದಾರ ಹಾಕಿ ಹಾಕಿ ಕಣ್ಣಲ್ಲಿ ನೀರು, ಕನ್ನಡಕಕ್ಕೆ 1,350. ಮೂರರಲ್ಲಿ ಹುಕ್ಕು ಎಡ ಬಲ ತಪ್ಪಾಯ್ತು ಅಂತ 75 ಮುರ್ಕೊಂಡ್ರು. 71 ಬ್ಲೌಸ್ ತಡ ಆಗಲಿಲ್ಲ ಅಂದ್ರಲ್ಲ ಮಂಡ್ಯದವರೇ, ಅದರ ಹುಕ್ಕು ಹಾಕಿದೋರು ಯಾರು?

ಮಂಡ್ಯ:
ಪಕ್ಕದ ಮನೆಯ ಅಕ್ಕ ಹಾಕ್ತಾರೆ. ದುಡ್ಡು ಸರಿಯಾಗಿ ಕೊಡ್ತೀನಿ, ಒಂದು ದಿನಾನೂ ಬಾಕಿ ಇಟ್ಟಿಲ್ಲ.

ಮೈಸೂರು:
ಬಾಕಿ ಬಗ್ಗೆ ಕೇಳಲಿಲ್ಲ. ಎಷ್ಟು ಹೊತ್ತಿಗೆ ಕೊಡ್ತೀರಿ ಅಂತ ಕೇಳಿದ್ದು.

ತುಮಕೂರು:
ಅಕ್ಕ ಹೇಳೋದು ನಿಜ. ಫ್ಯಾಕ್ಟರೀಲೂ ಹಿಂದಿನ ಲೈನ್ ಗುಡ್ಡೆ ಹಾಕಿದ್ರೆ ಫಿನಿಶಿಂಗ್‌ನವರೇ ಸಂಜೆ ಕೂರಬೇಕು. ನಾನೀಗ ಎಂಟೆಂಟೇ ಕತ್ತರಿಸ್ತೀನಿ. ಎಂಟು ಕಟಿಂಗ್, ಎಂಟು ಹೊಲಿಗೆ, ಎಂಟು ಹುಕ್ಕು, ಕೊಟ್ಟ ಮೇಲೆ ಮುಂದಿನ ಎಂಟು. ಅಳತೆ ಬ್ಲೌಸು, ಕತ್ತರಿಸಿದ ತುಂಡು, ಲೈನಿಂಗ್ ಮೂರನ್ನೂ ಒಂದೇ ಗಂಟು ಕಟ್ಟಿ ಚೀಟಿ ಚುಚ್ಚೋದು. ಮೊದಲು ಯಾರಿಗೆ ಬೇಕೋ ಅವರದ್ದು ಮೊದಲ ಎಂಟರಲ್ಲಿ.

ಹುಬ್ಬಳ್ಳಿ:
ಎಂಟರಾಗ ಬಣ್ಣ ಎಲ್ಲೆ ಕೂಡ್ತಾವ್ರಿ? ದಾರ ಬದಲಸೂದು ಅಷ್ಟ ಆತು.

ತುಮಕೂರು:
ಎರಡು ಮೂರು ಬಣ್ಣ ಕೂಡುತ್ತೆ. 11 ಸಲದ ಬದಲು ನಾಲ್ಕು ಸಲ ಆದ್ರೆ ಸಾಕು ನನಗೆ.

ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮಲ್ಲಿ ಹುಕ್ಕು ಹಾಕೋದು ನಮ್ಮತ್ತೆ, ರಾತ್ರಿ ಕಣ್ಣು ಕಾಣಲ್ಲ ಅವರಿಗೆ. 34ನ್ನೂ ಒಟ್ಟಿಗೆ ಕತ್ತರಿಸೋದು ಬಿಟ್ಟೆ. ಇವತ್ತು ಲೈನಿಂಗ್ ಮಾತ್ರ ಎಲ್ಲಾ ಒಂದೇ ಬಕೆಟ್‌ನಲ್ಲಿ ನೆನೆಹಾಕಿದ್ದೀನಿ.

ತುಮಕೂರು:
ಎಲ್ಲಾ ಬಣ್ಣ ಒಂದೇ ಬಕೆಟ್ಟಾ? ಕೆಂಪು, ಮೆರೂನು ಈಗಲೇ ತೆಗೀರಿ!