ಸಹಾಯ ಬೇಕು: ವಿದೇಶ ಅಧ್ಯಯನದ ಕಲಿಕೆಯನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತೇನೆ. ಕಾವೇರಿ ನೀರಿನ ಬಗ್ಗೆ ಕಲಿಯಲು 14 ವಿದ್ಯಾರ್ಥಿಗಳನ್ನು ಮೂರು ವಾರ ಮೈಸೂರು, ಮಂಡ್ಯಕ್ಕೆ ಕರೆತಂದಿದ್ದೆ. ಅವರು ಏನು ಕಲಿತರು ಅಂತ ಈಗ ವರದಿ ಕೊಡಬೇಕು.

ಪ್ರವಾಸಕ್ಕೆ ಮುಂಚೆ, ಆಮೇಲೆ ಸಮೀಕ್ಷೆ ಮಾಡಿದೆ. ಎರಡೂ ಸಲ ಬಹುತೇಕ ಎಲ್ಲರೂ ತಮಗೆ ತಾವೇ ಪೂರ್ತಿ ಅಂಕ ಕೊಟ್ಟುಕೊಂಡಿದ್ದಾರೆ, ಅದನ್ನು ನೆಚ್ಚಿಕೊಳ್ಳಲಾರೆ. ಜೀವ ಇರುವುದು ದಿನಚರಿಗಳಲ್ಲಿ. ಮೊದಲ ವಾರ ‘ಇಲ್ಲಿ ನೀರು ಪೋಲಾಗುತ್ತೆ’ ಎಂದು ಬರೆದಿದ್ದ ಹುಡುಗಿ, ಕೊನೆಗೆ ‘ನಮ್ಮ ಕೊಲೊರಾಡೊ ನದಿಯಲ್ಲೂ ಇದೇ ಜಗಳ ಇದೆ, ನಾನೇ ಗಮನಿಸಿರಲಿಲ್ಲ’ ಎಂದಿದ್ದಾಳೆ. ಇದಕ್ಕೆ ಎಷ್ಟು ಅಂಕ?

ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳ ಒಕ್ಕೂಟವಾದ ಎಎಸಿ ಆ್ಯಂಡ್ ಯು ಸಂಸ್ಥೆಯ ಗ್ಲೋಬಲ್ ಲರ್ನಿಂಗ್ ರೂಬ್ರಿಕ್‌ನಲ್ಲಿ (ಜಾಗತಿಕ ಕಲಿಕೆಗೆ ಅಂಕ ಕೊಡುವ ಮಾನದಂಡಗಳ ಪಟ್ಟಿ) 6 ಆಯಾಮ, 4 ಹಂತಗಳಿವೆ. ಮೂರು ವಾರದ ಕೋರ್ಸಿಗೆ ಆರೂ ಹೆಚ್ಚಾಯಿತು ಅನ್ನಿಸುತ್ತೆ. ಯಾವ ಎರಡು–ಮೂರನ್ನು ಇಟ್ಟುಕೊಳ್ಳಲಿ? ಒಂದೇ ದಿನಚರಿಯನ್ನು ಓದಿ ಇಬ್ಬರು ಕೊಟ್ಟ ಅಂಕ ತಾಳೆಯಾಗದಿದ್ದರೆ ಏನು ಮಾಡುತ್ತೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.