ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು: ದನದ ಹಟ್ಟಿಗೆ ಸಾಲ ಸಿಗುತ್ತದೆಯೇ?

ಹಿರಿಯಡ್ಕದವಳು:
ನಮ್ಮ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿದಾರ. 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ (ಉಳುವ ಭೂಮಿ ತನಗೆ ಬೇಕೆಂಬ ಅರ್ಜಿ) ಹಾಕಿ, ಭೂನ್ಯಾಯ ಮಂಡಳಿಗೆ ಅಲೆದು, 1 ಎಕರೆ 70 ಸೆಂಟ್ಸ್ ತನ್ನದಾಗಿಸಿಕೊಂಡರು. ಆ ಕಾಗದವನ್ನು ಅಜ್ಜಿ ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಈಗಲೂ ಕರ್ಪೂರದ ವಾಸನೆ ಬರುತ್ತದೆ. ಅಜ್ಜ ತೀರಿಕೊಂಡು 22 ವರ್ಷವಾಯಿತು, ಪಹಣಿಯಲ್ಲಿ ಮಾತ್ರ ಅವರೇ ಗದ್ದೆ ಉಳುತ್ತಿದ್ದಾರೆ. ಹಟ್ಟಿ ಕಟ್ಟಿ ನಾಲ್ಕು ದನ ತರೋಣವೆಂದು ಮೂರು ಲಕ್ಷ ಕೇಳಲು ಹೋದೆ. ಮ್ಯಾನೇಜರ್ ಪಹಣಿ ನೋಡಿ, “ಇವರನ್ನು ಒಮ್ಮೆ ಕರೆದುಕೊಂಡು ಬನ್ನಿ” ಎಂದರು. ಅದೇ ಬ್ಯಾಂಕಿನಲ್ಲಿ ಅಮ್ಮನ ಕರಿಮಣಿ ಸರ ಇಟ್ಟರೆ ಅರ್ಧ ಗಂಟೆಯಲ್ಲಿ ಹಣ! ಹಟ್ಟಿಗೆ ನೋಡಿದ ಜಾಗ ಮನೆಯ ಹಿಂದಿನ ಕುಮ್ಕಿಯಲ್ಲಿದೆ (ನಮ್ಮ ಜಮೀನಿಗೆ ತಾಗಿದ ಸರ್ಕಾರಿ ಜಾಗ). ಏನು ಮಾಡಲಿ?

ಬ್ರಹ್ಮಾವರದ ಕೃಷಿಕ:
ಮೊದಲು ಪೌತಿ ಖಾತೆ ಮಾಡಿಸಿ ಮಾರಾಯರೇ, ಅಂದರೆ ತೀರಿಕೊಂಡವರ ಹೆಸರಿನ ಖಾತೆ ವಾರಸುದಾರರಿಗೆ ಬದಲಾಯಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ಆಗ ವಾರಸುದಾರರೆಲ್ಲರ ಹೆಸರೂ ಪಹಣಿಗೆ ಬರುತ್ತದೆ, ಅಸಲಿ ತಲೆನೋವು ಶುರುವಾಗುವುದೇ ಅಲ್ಲಿ: ಸಾಲಕ್ಕೆ ಎಲ್ಲರ ಸಹಿ ಬೇಕು. ನಿಮ್ಮ ಪಾಲು ಬೇರೆಯಾಗಬೇಕಾದರೆ 11ಇ ನಕ್ಷೆ (ಪಾಲು ಅಳೆದು ಗುರುತಿಸಿದ ಸರ್ವೆ ನಕ್ಷೆ) ಮಾಡಿಸಿ ವಿಭಾಗಪತ್ರ ನೋಂದಣಿ ಮಾಡಿಸಬೇಕು. ಮುಂಬಯಿಯವರೆಲ್ಲ ಮನೆಯ ದೈವದ ನೇಮಕ್ಕೆ ಬರುತ್ತಾರಲ್ಲ, ಆಗಲೇ ಹಿಡಿಯಿರಿ. ಊಟಕ್ಕೆ ಮೊದಲು.

ನಿವೃತ್ತ ಬ್ಯಾಂಕ್ ನೌಕರ, ಮಂಗಳೂರು:
ತಂಗೀ, ಕುಮ್ಕಿಯ ಆಸೆ ಬಿಡು. ಅಲ್ಲಿ ಸೊಪ್ಪು, ಸೌದೆ, ಮೇವಿಗೆ ವರ್ಗದಾರನಿಗೆ (ಪಕ್ಕದ ಜಮೀನಿನ ಒಡೆಯನಿಗೆ) ಸವಲತ್ತು ಇದೆ, ಆದರೆ ಭೂಮಿ ಸರ್ಕಾರದ್ದು. ಅದನ್ನು ಅಡವಿಡಲು ಆಗುವುದಿಲ್ಲ.

ಹಕ್ಕುಪತ್ರ ಕೈಗೆ ಬಂದ ಕೂಡಲೇ ಸಾಲ ಓಡಿ ಬರುತ್ತದೆ ಎಂದು ನಾನೂ ನಂಬಿದ್ದೆ. ಪೆರು ದೇಶದಲ್ಲಿ 1996ರಿಂದ 2003ರೊಳಗೆ ನಗರದಂಚಿನ ಸುಮಾರು 12 ಲಕ್ಷ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಮನೆ ಕಟ್ಟುವ ಸಾಮಗ್ರಿಗೆ ಸರ್ಕಾರಿ ಬ್ಯಾಂಕಿನ ಸಾಲ ಸಿಕ್ಕಿತು, ಖಾಸಗಿ ಬ್ಯಾಂಕುಗಳು ಮಾತ್ರ ಕೈ ಬಿಚ್ಚಲಿಲ್ಲ. ಕಾರಣ ನನಗೆ ಕುರ್ಚಿಯಲ್ಲಿ ಕುಳಿತೇ ಗೊತ್ತು. ಬಂಗಾರವನ್ನು ಸುಲಭವಾಗಿ ಹರಾಜು ಹಾಕಬಹುದು. ಊರಿನಲ್ಲಿ ಒಬ್ಬನ ಗದ್ದೆ ಹರಾಜಿಗೆ ಬಂದರೆ ನೆರೆಯವರಲ್ಲಿ ಯಾರು ಬೆಲೆ ಕೂಗುತ್ತಾರೆ? ನಾವು ನೋಡುತ್ತಿದ್ದದ್ದು ತಿಂಗಳ ಆದಾಯ. 2025ರ ಜನವರಿಯಿಂದ ಕೃಷಿಗೂ ಹೈನುಗಾರಿಕೆಯಂಥ ಕಸುಬಿಗೂ 2 ಲಕ್ಷದವರೆಗೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಎರಡೇ ದನದಿಂದ ಶುರು ಮಾಡು, ಡೈರಿಯ ಹಾಲಿನ ಪುಸ್ತಕ ಜೋಪಾನವಾಗಿಡು. ಮುಂದಿನ ಸಲ ಅದನ್ನೇ ಮೇಜಿನ ಮೇಲೆ ಇಡು.

ಹಿರಿಯಡ್ಕದವಳು:
ಇಬ್ಬರಿಗೂ ಧನ್ಯವಾದ. ನೇಮದವರೆಗೆ ಕಾಯದೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಸಹಿ ಹಾಕುತ್ತಾರಂತೆ, ರಸ್ತೆಬದಿಯ ಹತ್ತು ಸೆಂಟ್ಸ್ ಅವರಿಗೆ ಬಿಡಬೇಕಂತೆ. ಕುಮ್ಕಿ ಬಿಟ್ಟರೆ ಹಟ್ಟಿಗೆ ಉಳಿದಿದ್ದ ಜಾಗ ಅದೊಂದೇ.